ಬರಗಾಲದ ವರ್ಷದ ರಾಗಿ ಯಾರ ಪಾಲು?

ಆಹಾರದ ಭೂಗೋಳ ಎಂದರೆ ಯಾವ ಮಣ್ಣಿನಲ್ಲಿ ಯಾವ ಬೆಳೆ ಎಂಬ ಲೆಕ್ಕ ಎಂದೇ ನಮ್ಮಲ್ಲಿ ಬಹಳ ಮಂದಿ ತಿಳಿದಿದ್ದೇವೆ. ಮಂಡ್ಯಕ್ಕೆ ಕಬ್ಬು, ಭತ್ತ, ಕೋಲಾರಕ್ಕೆ ರಾಗಿ, ಟೊಮೇಟೊ, ವಿಜಯಪುರಕ್ಕೆ ಜೋಳ. ಶಾಲೆಯಲ್ಲಿ ಭೂಪಟಕ್ಕೆ ಬಣ್ಣ ಹಚ್ಚುವಾಗ ಕಲಿತ ಈ ಪಾಠ ಸಂಶೋಧನೆಗೆ ಬಂದ ಮೇಲೂ ನಮ್ಮನ್ನು ಬಿಡುವುದಿಲ್ಲ. ಬಣ್ಣದ ಪೆನ್ಸಿಲಿನ ಜಾಗದಲ್ಲಿ ಉಪಗ್ರಹದ ಚಿತ್ರ ಬಂದಿರುತ್ತದೆ, ಅಷ್ಟೇ. ಬೆಳೆದದ್ದು ಯಾರ ಹೊಟ್ಟೆಗೆ ಹೋಗುತ್ತದೆ, ಯಾವ ಹಕ್ಕಿನಿಂದ ಹೋಗುತ್ತದೆ, ಮಳೆ ಕೈಕೊಟ್ಟ ವರ್ಷ ಆ ಹಕ್ಕು ಉಳಿಯುತ್ತದೆಯೇ ಎಂಬುದನ್ನು ತೋರಿಸಲು ಆ ಪಟದಲ್ಲಿ ಬಣ್ಣವಿಲ್ಲ.

ಈ ಪ್ರಶ್ನೆಯನ್ನು ಇಟ್ಟುಕೊಂಡು ಹಳೆಯ ಪುಸ್ತಕವೊಂದನ್ನು ಮತ್ತೆ ಓದಿದ್ದೇನೆ. ಟಿ. ಸ್ಕಾರ್ಲೆಟ್ ಎಪ್‌ಸ್ಟೈನ್ ಅವರ ‘ಎಕನಾಮಿಕ್ ಡೆವಲಪ್‌ಮೆಂಟ್ ಅಂಡ್ ಸೋಶಿಯಲ್ ಚೇಂಜ್ ಇನ್ ಸೌತ್ ಇಂಡಿಯಾ’ 1962ರಲ್ಲಿ ಪ್ರಕಟವಾಯಿತು. ಎಪ್‌ಸ್ಟೈನ್ ಹುಟ್ಟಿದ್ದು ವಿಯೆನ್ನಾದ ಯಹೂದಿ ಕುಟುಂಬದಲ್ಲಿ. ನಾಜಿಗಳ ಕಾಲದಲ್ಲಿ ಊರು ಬಿಟ್ಟು ಇಂಗ್ಲೆಂಡ್ ಸೇರಿದರು. ಮುಂದೆ ಮ್ಯಾಂಚೆಸ್ಟರಿನಲ್ಲಿ ಮ್ಯಾಕ್ಸ್ ಗ್ಲಕ್‌ಮನ್ ಅವರ ಬಳಗದಲ್ಲಿ ಮಾನವಶಾಸ್ತ್ರ ಕಲಿತು, 1954ರಿಂದ 1956ರವರೆಗೆ ಮಂಡ್ಯದ ಹತ್ತಿರದ ಎರಡು ಹಳ್ಳಿಗಳಲ್ಲಿ ಕ್ಷೇತ್ರಕಾರ್ಯ ಮಾಡಿದರು. ಪುಸ್ತಕದಲ್ಲಿ ಆ ಊರುಗಳ ಹೆಸರು ವಂಗಲ ಮತ್ತು ದಲೇನ. ಗ್ರಾಮೀಣ ಅಭಿವೃದ್ಧಿಯನ್ನು ಓದುವವರು ಇಂದಿಗೂ ಈ ಪುಸ್ತಕವನ್ನು ದಾಟಿಯೇ ಮುಂದೆ ಹೋಗಬೇಕು. ಆದರೆ ಹೆಚ್ಚಿನವರು ಇದರ ಒಂದು ತೀರ್ಮಾನವನ್ನು ಮಾತ್ರ ನೆನಪಿಟ್ಟುಕೊಳ್ಳುತ್ತಾರೆ. ಆ ತೀರ್ಮಾನದ ನೆರಳಿನಲ್ಲಿ ಇನ್ನೂ ದೊಡ್ಡ ವಿಚಾರವೊಂದು ಉಳಿದುಹೋಗಿದೆ ಎಂಬುದು ನನ್ನ ವಾದ. ಅದು ಕಾಣಬೇಕಾದರೆ ಪುಸ್ತಕವನ್ನು ಮಂಡ್ಯದಲ್ಲಿ ಕೂತು ಓದುವುದಕ್ಕಿಂತ ಬೆಂಗಳೂರಿನ ಪೂರ್ವದಲ್ಲಿ, ಶಿವಾಜಿನಗರದಿಂದ ಕೆ.ಆರ್. ಪುರದತ್ತ ಹೋಗುವ ದಾರಿಯಲ್ಲಿ ನಿಂತು ಓದಬೇಕು.

ಮೊದಲು ಆ ಪ್ರಸಿದ್ಧ ತೀರ್ಮಾನ. ಕನ್ನಂಬಾಡಿ ಕಟ್ಟೆಯ ನಾಲೆ ವಂಗಲಕ್ಕೆ ಬಂತು. ದಲೇನದ ಹೊಲಗಳು ಎತ್ತರದಲ್ಲಿದ್ದವು, ನೀರು ಹತ್ತಲಿಲ್ಲ. ವಂಗಲ ಕಬ್ಬು ಬೆಳೆದು ಮಂಡ್ಯದ ಸಕ್ಕರೆ ಕಾರ್ಖಾನೆಗೆ ಕೊಟ್ಟಿತು, ಹಣ ಕಂಡಿತು. ನಾವೆಲ್ಲ ನಿರೀಕ್ಷಿಸುವುದು, ಹಣ ಬಂದ ಊರು ಬದಲಾಗುತ್ತದೆ, ಒಣ ಊರು ಇದ್ದಲ್ಲೇ ಇರುತ್ತದೆ ಎಂದು. ಎಪ್‌ಸ್ಟೈನ್ ಕಂಡದ್ದು ಇದರ ತಿರುವು. ವಂಗಲದಲ್ಲಿ ಜನ ಮೊದಲೂ ಬೇಸಾಯಗಾರರು, ನೀರು ಬಂದ ಮೇಲೂ ಬೇಸಾಯಗಾರರು. ಹೀಗಾಗಿ ಒಡೆಯ ಮತ್ತು ಆಳಿನ ನಡುವಿನ ವಂಶಪಾರಂಪರ್ಯದ ಸಂಬಂಧ, ಜಾತಿಯ ಮೇಲುಕೀಳು, ಊರಿನ ಯಜಮಾನಿಕೆ ಎಲ್ಲವೂ ಹಾಗೇ ನಿಂತವು. ದಲೇನದವರು ಮಾತ್ರ ಹೊಟ್ಟೆಪಾಡಿಗೆ ಊರಿನ ಗಡಿ ದಾಟಬೇಕಾಯಿತು. ಮಂಡ್ಯದಲ್ಲಿ ಕೆಲಸ ಹಿಡಿದರು, ಗಿರಣಿ ಇಟ್ಟರು, ವ್ಯಾಪಾರಕ್ಕಿಳಿದರು, ಪಕ್ಕದ ಊರುಗಳಲ್ಲಿ ನೀರಾವರಿ ಜಮೀನು ಕೊಂಡರು. ಹಳೆಯ ಕಟ್ಟುಗಳು ಸಡಿಲವಾದದ್ದು ಅಲ್ಲಿ. ನೀರು ಸಿಗದ ಊರು ಹೆಚ್ಚು ಬದಲಾಯಿತು.

ಈ ತೀರ್ಮಾನಕ್ಕೊಂದು ಸೊಗಸು ಇದೆ, ಅದಕ್ಕೇ ಅದು ಪಾಠವಾಗಿ ಉಳಿದುಕೊಂಡಿತು. ಬೆಂಗಳೂರಿನ ಪೂರ್ವಕ್ಕೆ ಇದನ್ನು ಹಚ್ಚಿ ನೋಡಿದರೂ ಮೊದಮೊದಲು ಸರಿಯಾಗಿಯೇ ಕೂರುತ್ತದೆ. ಹಲಸೂರಿನಿಂದಾಚೆ ನಾಲೆಯಿಲ್ಲ, ತುಂಬಿ ಹರಿಯುವ ಹೊಳೆಯಿಲ್ಲ. ಇದ್ದದ್ದು ಕೆರೆ, ಕೆರೆಯ ಕೆಳಗೆ ಒಂದಿಷ್ಟು ಗದ್ದೆ, ಉಳಿದದ್ದೆಲ್ಲ ಮಳೆ ನಂಬಿದ ರಾಗಿ ಹೊಲ. ಪಕ್ಕದಲ್ಲಿ 1809ರಲ್ಲಿ ದಂಡು ಬಂತು. ದಂಡಿಗೆ ಹಾಲು, ಮಾಂಸ, ತರಕಾರಿ, ಹುಲ್ಲು, ಸೌದೆ ಎಲ್ಲವೂ ಬೇಕಿತ್ತು. 1864ರಲ್ಲಿ ಜೋಲಾರಪೇಟೆಯಿಂದ ರೈಲು ದಂಡಿಗೇ ಬಂದು ನಿಂತಿತು. ಮುಂದೆ ರಸೆಲ್ ಮಾರುಕಟ್ಟೆ ಎದ್ದಿತು. 1940ರಲ್ಲಿ ವಿಮಾನ ಕಾರ್ಖಾನೆ, 1948ರಲ್ಲಿ ಕೆ.ಆರ್. ಪುರದ ಮಗ್ಗುಲಿಗೆ ಐಟಿಐ ಬಂದವು. ಮಂಡ್ಯಕ್ಕೆ ಸಕ್ಕರೆ ಕಾರ್ಖಾನೆ ಏನಾಗಿತ್ತೋ ಈ ಕಡೆಗೆ ಇವು ಅದೇ ಆದವು. ಅಂದರೆ ಕೆ.ಆರ್. ಪುರ, ವರ್ತೂರು, ಹೊಸಕೋಟೆಯ ಸುತ್ತಿನ ಊರುಗಳು ಬೆಂಗಳೂರಿನ ದಲೇನಗಳು. ಇಷ್ಟಕ್ಕೇ ನಿಲ್ಲಿಸಿದರೆ ಎಪ್‌ಸ್ಟೈನ್ ಅವರಿಗೆ ಇನ್ನೊಂದು ಉದಾಹರಣೆ ಕೊಟ್ಟಂತಾಗುತ್ತದೆ, ಹೊಸ ಮಾತೇನೂ ಹೇಳಿದಂತಾಗುವುದಿಲ್ಲ.

ನಾನು ಹೇಳುವ ದೊಡ್ಡ ವಿಚಾರ ಇರುವುದು ನಾಲೆಯಲ್ಲಿ ಅಲ್ಲ, ಕಣದಲ್ಲಿ. ಒಕ್ಕಲಿಗ ಕುಟುಂಬಕ್ಕೂ ಅದರ ಹಳೇಮಕ್ಕಳಾಗಿ ದುಡಿಯುತ್ತಿದ್ದ ದಲಿತ ಕುಟುಂಬಕ್ಕೂ ಕೂಲಿಯ ಲೆಕ್ಕ ದಿನದ್ದಲ್ಲ, ವರ್ಷದ್ದು. ಸುಗ್ಗಿಯಲ್ಲಿ ರಾಶಿ ಹಾಕಿದಾಗ ಇಷ್ಟು ಕಾಳು, ಇಷ್ಟು ಹುಲ್ಲು ಎಂದು ಗೊತ್ತುಮಾಡಿದ ಪಾಲು. ಅದು ಅಪ್ಪನ ಕಾಲದಿಂದ ಬಂದ ಅಳತೆ, ಬೆಳೆ ಹೆಚ್ಚಾಯಿತೆಂದು ಹೆಚ್ಚುವುದಿಲ್ಲ. ಎಪ್‌ಸ್ಟೈನ್ 1967ರಲ್ಲಿ, ರೇಮಂಡ್ ಫರ್ತ್ ಸಂಪಾದಿಸಿದ ಆರ್ಥಿಕ ಮಾನವಶಾಸ್ತ್ರದ ಸಂಕಲನಕ್ಕೆ ಬರೆದ ಲೇಖನದಲ್ಲಿ ಈ ಅಳತೆಯ ಒಳಗುಟ್ಟನ್ನು ಬಿಡಿಸಿದರು. ಮಳೆ ಚೆನ್ನಾಗಿ ಬಂದ ವರ್ಷ ಆಳಿಗೆ ಅವನ ಗೊತ್ತಾದ ಪಾಲು ಸಿಗುತ್ತದೆ, ಮಿಕ್ಕಿದ್ದೆಲ್ಲ ಒಡೆಯನ ಮನೆಗೆ. ಕೆಟ್ಟ ವರ್ಷ ಬಂದರೆ ಇದ್ದಷ್ಟನ್ನು ಹಂಚಿಕೊಳ್ಳಬೇಕು. ಆಗ ಒಡೆಯನ ಪಾಲಿಗೂ ಆಳಿನ ಪಾಲಿಗೂ ಅಂಥ ಅಂತರ ಇರುವುದಿಲ್ಲ. ಒಳ್ಳೆಯ ವರ್ಷದ ಲಾಭವನ್ನು ಬಿಟ್ಟುಕೊಟ್ಟು ಆಳು ಕೆಟ್ಟ ವರ್ಷದ ತುತ್ತನ್ನು ಖಾತ್ರಿ ಮಾಡಿಕೊಳ್ಳುತ್ತಾನೆ ಎಂದು ಇದರ ಅರ್ಥ.

ಈ ಲೇಖನ ನನಗೆ ಮುಖ್ಯವಾಗುವುದು ಇಲ್ಲಿ. ಆಹಾರದ ಭೂಗೋಳವನ್ನು ಬೆಳೆಯ ಹೆಸರಿನಿಂದ ಬಿಡಿಸಿ, ಕೆಟ್ಟ ವರ್ಷದಲ್ಲಿ ಯಾರು ಯಾರಿಗೆ ಋಣಿ ಎಂಬ ಪ್ರಶ್ನೆಯ ಮೇಲೆ ಅದು ನಿಲ್ಲಿಸುತ್ತದೆ. ರಾಗಿಯ ನಾಡಿನಲ್ಲಿ ಇದು ಇನ್ನೂ ಅರ್ಥಪೂರ್ಣ. ರಾಗಿಯ ಹೆಗ್ಗಳಿಕೆ ರುಚಿಯಲ್ಲಿ ಅಲ್ಲ, ಬಾಳಿಕೆಯಲ್ಲಿ. ಹಗೇವಿಗೆ ತುಂಬಿ ಮುಚ್ಚಿದರೆ ವರ್ಷಗಟ್ಟಲೆ ಕೆಡುವುದಿಲ್ಲ. ಕನಕದಾಸರ ‘ರಾಮಧಾನ್ಯ ಚರಿತೆ’ಯಲ್ಲಿ ಭತ್ತಕ್ಕೂ ರಾಗಿಗೂ ನಡೆಯುವ ಜಗಳ ತೀರುವುದು ಕುಲದ ಮಾತಿನಿಂದಲ್ಲ, ಎರಡನ್ನೂ ಆರು ತಿಂಗಳು ಸೆರೆಯಲ್ಲಿಟ್ಟು ಯಾವುದು ಉಳಿಯುತ್ತದೆ ಎಂದು ನೋಡಿ. ಕೆಟ್ಟ ಕಾಲವನ್ನು ದಾಟುವ ಕಾಳು ಯಾವುದೋ ಅದೇ ಗೆಲ್ಲುತ್ತದೆ. ಕವಿ ಕೇಳಿದ್ದು ಯಾವ ಕಾಳು ಉಳಿಯುತ್ತದೆ ಎಂದು, ಎಪ್‌ಸ್ಟೈನ್ ಕೇಳಿದ್ದು ಉಳಿದ ಕಾಳು ಯಾರ ಪಾಲಾಗುತ್ತದೆ ಎಂದು. ಎರಡೂ ಸೇರಿದರೆ ಪ್ರಶ್ನೆ ಪೂರ್ತಿಯಾಗುತ್ತದೆ.

ಆದರೆ ಎಪ್‌ಸ್ಟೈನ್ ಅವರ ಲೆಕ್ಕವನ್ನು ಹಾಗೇ ಒಪ್ಪಲು ನನಗೆ ಆಗುವುದಿಲ್ಲ. ಗೊತ್ತಾದ ಪಾಲು ಒಂದು ವಿಮೆ ಎಂದು ಕಾಣುವುದು ಕಡತದ ಮುಂದೆ ಕೂತವರಿಗೆ. ಕಣದ ಅಂಚಿನಲ್ಲಿ ಸೆರಗೊಡ್ಡಿ ನಿಂತವರಿಗೆ ಅದು ಒಡೆಯನ ಮರ್ಜಿ. ಕೊಳಗ ಹಿಡಿದ ಕೈ ಒಡೆಯನದು. ತುಂಬಿ ಅಳೆಯುವುದೋ ಕೊರೆ ಅಳೆಯುವುದೋ ಅವನಿಗೆ ಬಿಟ್ಟದ್ದು. ದೇವನೂರ ಮಹಾದೇವ ಅವರ ‘ಒಡಲಾಳ’ವನ್ನು ಈ ಪುಸ್ತಕದ ಪಕ್ಕದಲ್ಲಿಟ್ಟು ಓದಿದರೆ ವ್ಯತ್ಯಾಸ ತಿಳಿಯುತ್ತದೆ. ಸಾಕವ್ವನ ಮನೆಯಲ್ಲಿ ರಾತ್ರಿಯಿಡೀ ಕಡಲೆಕಾಯಿ ಸುಲಿದು ತಿನ್ನುತ್ತಾರೆ, ಬೆಳಗಾಗುವುದರಲ್ಲಿ ಸಿಪ್ಪೆಯೂ ಉಳಿಯದಂತೆ ಸುಟ್ಟಿರುತ್ತಾರೆ. ಆ ಮೂಟೆ ಯಾವ ಪಾಲಿನ ಪಟ್ಟಿಯಲ್ಲೂ ಬರುವುದಿಲ್ಲ. ಕಣದ ಲೆಕ್ಕ ನ್ಯಾಯವಾಗಿದ್ದರೆ ಆ ರಾತ್ರಿ ಬೇಕಾಗುತ್ತಲೂ ಇರಲಿಲ್ಲ. ಮನೆಮನೆಯ ಆದಾಯ, ಖರ್ಚನ್ನು ಅಷ್ಟು ಶ್ರದ್ಧೆಯಿಂದ ಬರೆದುಕೊಂಡ ಸಂಶೋಧಕಿಯ ಕೋಷ್ಟಕಗಳಲ್ಲಿ ಹಸಿವು ಕಡಿಮೆ ಬಿದ್ದ ಅಂಕಿಯಾಗಿ ಕಾಣಬಹುದು. ಅದು ಅವಮಾನವಾಗಿ, ಸಿಟ್ಟಾಗಿ, ಒಂದು ರಾತ್ರಿಯ ಸಂಭ್ರಮವಾಗಿ ಕಾಣಬೇಕಾದರೆ ಕಥೆಯೇ ಬೇಕು. ಕನ್ನಡದ ಓದುಗರಿಗೆ ಈ ಎರಡೂ ಬಗೆಯ ದಾಖಲೆ ಕೈಗೆಟುಕುವಂತಿವೆ. ಒಂದನ್ನು ಬಿಟ್ಟು ಇನ್ನೊಂದನ್ನು ಓದುವುದು ದಂಡ.

ಒಂದು ಮಾತು ಅವರ ಪರವಾಗಿ ಹೇಳಲೇಬೇಕು. ಎರಡು ವರ್ಷ ಇದ್ದು ಪದವಿ ಪಡೆದು ಹೋದವರಲ್ಲ ಅವರು. ಅದೇ ಊರುಗಳಿಗೆ ಮರಳಿ ಬಂದು 1973ರಲ್ಲಿ ಇನ್ನೊಂದು ಪುಸ್ತಕ ಬರೆದರು. 1998ರಲ್ಲಿ ಎ.ಪಿ. ಸೂರ್ಯನಾರಾಯಣ ಮತ್ತು ಟಿ. ತಿಮ್ಮೇಗೌಡರ ಜೊತೆ ಸೇರಿ ‘ವಿಲೇಜ್ ವಾಯ್ಸಸ್’ ತಂದರು. ನಲವತ್ತು ವರ್ಷ ಒಂದೇ ಊರಿನ ಅನ್ನವನ್ನು ಗಮನಿಸುವ ತಾಳ್ಮೆ ಈಗಿನ ಸಂಶೋಧನಾ ಯೋಜನೆಗಳಿಗೆ ಸುಲಭವಾಗಿ ಒದಗುವುದಿಲ್ಲ.

ಈಗಿನ ಒಂದು ಯೋಜನೆಯನ್ನೇ ನೋಡೋಣ. ಜರ್ಮನಿಯ ಗಾಟಿಂಗೆನ್ ಮತ್ತು ಕಾಸೆಲ್ ವಿಶ್ವವಿದ್ಯಾಲಯಗಳು ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದ ಜೊತೆಗೂಡಿ ನಗರ, ಹಳ್ಳಿ ಕೂಡುವ ಅಂಚನ್ನು ಅಧ್ಯಯನ ಮಾಡಿವೆ. ಅದರ ಭಾಗವಾಗಿ ಎಲೆನ್ ಹಾಫ್‌ಮನ್ ಮತ್ತು ಸಂಗಡಿಗರು 2017ರಲ್ಲಿ ಒಂದು ಸೂಚ್ಯಂಕ ಮಂಡಿಸಿದರು. ಒಂದು ಊರು ಎಷ್ಟು ನಗರವಾಗಿದೆ ಎಂಬುದನ್ನು ಎರಡೇ ಸಂಗತಿಗಳಿಂದ ಅಳೆಯುತ್ತದೆ ಅದು: ಊರಿನಲ್ಲಿ ಕಟ್ಟಡ ಎಷ್ಟು ದಟ್ಟವಾಗಿವೆ, ನಗರದ ಕೇಂದ್ರದಿಂದ ಊರು ಎಷ್ಟು ದೂರ. ಬೇರೆ ಬೇರೆ ಶಾಸ್ತ್ರದವರು ಒಟ್ಟಿಗೆ ಕೆಲಸ ಮಾಡಲು ಎಲ್ಲರಿಗೂ ಒಪ್ಪುವ ಅಳತೆಗೋಲು ಬೇಕು. ಆ ಮಟ್ಟಿಗೆ ಸೂಚ್ಯಂಕ ಸರಳವೂ ಉಪಯುಕ್ತವೂ ಆಗಿದೆ. ಹಳ್ಳಿ, ನಗರ ಎಂಬ ಎರಡೇ ಡಬ್ಬಿಗಳಿಂದ ಅದು ನಮ್ಮನ್ನು ಬಿಡಿಸುತ್ತದೆ. ಅಧ್ಯಯನಕ್ಕೆ ಆಯ್ದುಕೊಂಡದ್ದು ನಗರದ ಉತ್ತರಕ್ಕೊಂದು, ದಕ್ಷಿಣಕ್ಕೊಂದು ಪಟ್ಟಿ. ಪೂರ್ವ ಅದರೊಳಗಿಲ್ಲ. ಅದು ದೋಷವಲ್ಲ, ಎಲ್ಲಿಯಾದರೂ ಗೆರೆ ಎಳೆಯಲೇಬೇಕು. ಆದರೆ ಪೂರ್ವಕ್ಕೆ ಬಂದು ನೋಡಿದರೆ ಅಂತರದ ಅಳತೆಗೋಲು ಎಲ್ಲಿ ಸೋಲುತ್ತದೆ ಎಂಬುದು ಬೇಗ ತಿಳಿಯುತ್ತದೆ.

ಇಂದಿರಾನಗರದ ಅಡುಗೆಮನೆಯ ನಲ್ಲಿಯನ್ನೇ ತೆಗೆದುಕೊಳ್ಳಿ. ಅದರಲ್ಲಿ ಬರುವ ಕಾವೇರಿ ನೀರು ಹೊರಡುವುದು ಮಂಡ್ಯ ಜಿಲ್ಲೆಯ ಮಳವಳ್ಳಿ ತಾಲ್ಲೂಕಿನಿಂದ. ಮೊದಲ ಹಂತದ ನೀರು ಬೆಂಗಳೂರಿಗೆ ಬಂದದ್ದು 1974ರಲ್ಲಿ. ವಂಗಲದ ಕಬ್ಬಿಗೆ ಹರಿದದ್ದು ಯಾವ ಹೊಳೆಯೋ ಅದೇ ಹೊಳೆ. ಆ ನೀರಿನಲ್ಲಿ ನಾವು ಅಕ್ಕಿ ತೊಳೆಯುತ್ತೇವೆ, ಪಾತ್ರೆ ಬೆಳಗುತ್ತೇವೆ, ಮಿಂದು ಚರಂಡಿಗೆ ಬಿಡುತ್ತೇವೆ. ಹಲಸೂರು, ಇಂದಿರಾನಗರದ ಕಡೆಯ ಚರಂಡಿಗಳು ಇಳಿಯುವುದು ಚಲ್ಲಘಟ್ಟ ಕಣಿವೆಗೆ, ಅಲ್ಲಿಂದ ಬೆಳ್ಳಂದೂರು, ವರ್ತೂರು ಕೆರೆಗಳ ಕಡೆಗೆ. ಈ ಕೋರಮಂಗಲ, ಚಲ್ಲಘಟ್ಟ ಕಣಿವೆಗಳ ಕೊಳಚೆಯನ್ನು ಎರಡು ಹಂತದಲ್ಲಿ ಸಂಸ್ಕರಿಸಿ ಪಂಪು ಹಾಕಿ ಕೋಲಾರದ ಕೆರೆಗಳಿಗೆ ತುಂಬಿಸುವ ಯೋಜನೆಯೇ ಕೆ.ಸಿ. ವ್ಯಾಲಿ. 2018ರ ಜೂನ್‌ನಲ್ಲಿ ನರಸಾಪುರದ ಹತ್ತಿರದ ಲಕ್ಷ್ಮೀಸಾಗರ ಕೆರೆಗೆ ಮೊದಲ ನೀರು ಹರಿಯಿತು. ದಿನಕ್ಕೆ 440 ದಶಲಕ್ಷ ಲೀಟರ್ ಹರಿಸುವುದು ಯೋಜನೆಯ ಗುರಿ. ನೀರನ್ನು ನೇರವಾಗಿ ಗದ್ದೆಗೆ ಬಿಡುವಂತಿಲ್ಲ. ಕೆರೆ ತುಂಬಿಸಿ ಅಂತರ್ಜಲ ಏರಿಸಬೇಕು, ರೈತ ಬೋರ್‌ವೆಲ್‌ನಿಂದ ಎತ್ತಿಕೊಳ್ಳಬೇಕು. ಎರಡೇ ಹಂತದ ಶುದ್ಧೀಕರಣ ಸಾಕೇ ಎಂಬ ತಕರಾರು ನ್ಯಾಯಾಲಯದ ಮೆಟ್ಟಿಲೂ ಏರಿತು.

ಎಪ್‌ಸ್ಟೈನ್ ಅವರ ಒಣ ಊರು, ನೀರಾವರಿ ಊರು ಎಂಬ ಜೋಡಿ ಇಲ್ಲಿ ತಲೆಕೆಳಗಾಗುತ್ತದೆ. ಮಂಡ್ಯದಲ್ಲಿ ನೀರು ಅಣೆಕಟ್ಟಿನಿಂದ ಹಳ್ಳಿಗೆ ಬಂತು, ಬೆಲ್ಲ, ಸಕ್ಕರೆ ಪೇಟೆಗೆ ಹೋದವು. ಇಲ್ಲಿ ಪೇಟೆಯೇ ಅಣೆಕಟ್ಟು. ಬೋರ್‌ವೆಲ್ ಸಾವಿರ ಅಡಿ ದಾಟಿದ ಬಯಲುಸೀಮೆಗೆ ನಗರದ ಬಚ್ಚಲು ನೀರೇ ನಾಲೆ. ಆ ನೀರಿನ ಸೊಪ್ಪು, ಟೊಮೇಟೊ ಹಳೆಯ ಮದ್ರಾಸು ರಸ್ತೆ ಹಿಡಿದು ಮತ್ತೆ ನಗರಕ್ಕೇ ಬರುತ್ತವೆ. ದೂರದ ಲೆಕ್ಕದಲ್ಲಿ ನರಸಾಪುರ ಇಂದಿರಾನಗರಕ್ಕೆ ಐವತ್ತು ಕಿಲೋಮೀಟರಿನಷ್ಟು ಆಚೆ. ನೀರಿನ ಲೆಕ್ಕದಲ್ಲಿ ಅದು ನಮ್ಮ ಹಿತ್ತಲು.

ಕೆ.ಆರ್. ಪುರದ ಸಂತೆಯಲ್ಲಿ ಸೊಪ್ಪು ಮಾರುವ ಹೆಂಗಸೊಬ್ಬರನ್ನು “ಯಾವೂರ ಕಡೇದಕ್ಕ ಇದು?” ಎಂದು ಕೇಳಿದ್ದೆ. “ನರಸಾಪುರದ ಕಡೇದು ಕಣಮ್ಮ. ಮೊದ್ಲು ಆ ಕಡೆ ಬೋರಲ್ಲಿ ನೀರೇ ಇರ್ಲಿಲ್ಲ. ಈಗ ನಿಮ್ಮ ಬೆಂಗ್ಳೂರು ನೀರು ಬಂದೈತೆ” ಎಂದರು. ನಿಂತಿದ್ದದ್ದು ಬೆಂಗಳೂರಿನಲ್ಲೇ, ಆದರೂ ಅವರ ಬಾಯಲ್ಲಿ ಅದು ‘ನಿಮ್ಮ’ ಬೆಂಗಳೂರು. ಕಟ್ಟಡದ ಸಾಂದ್ರತೆಯ ಪ್ರಕಾರ ಕೆ.ಆರ್. ಪುರ ಎಂದೋ ನಗರವಾಗಿದೆ. ಕೊಡುವವರು ಯಾರು, ಪಡೆಯುವವರು ಯಾರು ಎಂಬ ಲೆಕ್ಕದಲ್ಲಿ ಗಡಿ ಇನ್ನೂ ಆ ಸೊಪ್ಪಿನ ಗೋಣಿತಟ್ಟಿನ ಅಂಚಿನಲ್ಲೇ ಇದೆ.

ಎಪ್‌ಸ್ಟೈನ್ ಅವರ ಕಣದ ಪ್ರಶ್ನೆಯನ್ನು ಈಗ ಇಲ್ಲಿ ಕೇಳಬೇಕು. ಕೆಟ್ಟ ವರ್ಷದ ಹೊಣೆ ಯಾರದು? ತಿನ್ನುವವರ ಮಟ್ಟಿಗೆ ಉತ್ತರ ಬಹಳ ಸುಧಾರಿಸಿದೆ. 2013ರಲ್ಲಿ ಕೇಂದ್ರದ ಆಹಾರ ಭದ್ರತಾ ಕಾಯ್ದೆ ಬಂತು, ಅದೇ ವರ್ಷ ರಾಜ್ಯದಲ್ಲಿ ಅನ್ನಭಾಗ್ಯ ಶುರುವಾಯಿತು. ಪಡಿತರ ಚೀಟಿ ಎಂಬುದು ಈ ಕಾಲದ ಆಯ. ಹಳೆಯ ಆಯಕ್ಕಿಂತ ಎಷ್ಟೋ ಮೇಲು, ಏಕೆಂದರೆ ಅದನ್ನು ಪಡೆಯಲು ಯಾರ ಕಣದಲ್ಲೂ ತಲೆತಗ್ಗಿಸಿ ನಿಲ್ಲಬೇಕಿಲ್ಲ. ಪುಕ್ಕಟೆ ಅಕ್ಕಿಯಿಂದ ಜನ ಸೋಮಾರಿಗಳಾದರು ಎಂದು ಗೊಣಗುವವರು ಗೊಣಗುತ್ತಿರುವುದು ಅಕ್ಕಿಯ ಬಗ್ಗೆ ಅಲ್ಲ, ತಗ್ಗದ ತಲೆಯ ಬಗ್ಗೆ ಎಂದು ನನಗೆ ಅನ್ನಿಸುತ್ತದೆ. ಹಳೆಯ ಸಂಬಂಧಗಳು ಕರಗಿದವಲ್ಲ ಎಂದು ಮರುಗುವ ಬರಹಗಳಿಗೂ ಇದೇ ಮಾತು ಸಲ್ಲುತ್ತದೆ.

ಬೆಳೆಯುವವರ ಮಟ್ಟಿಗೆ ಉತ್ತರ ಅಷ್ಟು ಸುಲಭವಿಲ್ಲ. ಕೋಲಾರದ ಮಂಡಿಯಲ್ಲಿ ಟೊಮೇಟೊ ಹದಿನೈದು ಕಿಲೋ ಬಾಕ್ಸಿನ ಲೆಕ್ಕದಲ್ಲಿ ಹರಾಜಾಗುತ್ತದೆ. 2023ರ ಜುಲೈನಲ್ಲಿ ಬೆಂಗಳೂರಿನ ಅಂಗಡಿಗಳಲ್ಲಿ ಕಿಲೋಗೆ ನೂರು ರೂಪಾಯಿ ದಾಟಿತು, ಊರೆಲ್ಲ ಅದೇ ಮಾತಾಯಿತು. ಬೆಲೆ ಬಿದ್ದ ಕಾಲದಲ್ಲಿ ಬಿಡಿಸಿದ ಕೂಲಿಯೂ ಹುಟ್ಟದೆ ರಸ್ತೆ ಬದಿಗೆ ಸುರಿದು ಹೋಗುತ್ತಾರೆ, ಆಗ ಮಾತಿಲ್ಲ. ವಂಗಲದ ಕಣದಲ್ಲಿ ಒಳ್ಳೆಯ ವರ್ಷದ ಹೆಚ್ಚಳ ಒಡೆಯನದಾದರೆ, ಕೆಟ್ಟ ವರ್ಷ ಅವನೂ ಪಾಲು ಬಿಟ್ಟುಕೊಡಬೇಕಿತ್ತು. ಇಂದಿನ ಮಂಡಿಯಲ್ಲಿ ಕೆಟ್ಟ ವರ್ಷ ಪೂರ್ತಿ ರೈತನದು. ಕಣದ ಯಜಮಾನನಾಗಿದ್ದವನು ಈಗ ಆಳಿನ ಜಾಗದಲ್ಲಿ ನಿಂತಿದ್ದಾನೆ, ಆಳಿಗಿದ್ದ ಗೊತ್ತಾದ ಪಾಲೂ ಅವನಿಗಿಲ್ಲ. ನಗರ ನೀರು ಕೊಡುತ್ತದೆ, ಅದೂ ತನಗೆ ಬೇಡವಾದ ನೀರು. ಬೇರೆ ಯಾವ ಹೊಣೆಯನ್ನೂ ಹೊರುವುದಿಲ್ಲ.

ಹೊಣೆ ಹೊರುವ ಪ್ರಯತ್ನಗಳು ನಡೆದೇ ಇಲ್ಲ ಎನ್ನಲಾಗದು. 1959ರಲ್ಲಿ ಎಂ.ಎಚ್. ಮರಿಗೌಡರ ಮುತುವರ್ಜಿಯಿಂದ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘ ಹುಟ್ಟಿತು, ಅದೇ ಮುಂದೆ ಹಾಪ್‌ಕಾಮ್ಸ್ ಆಯಿತು. ಬೆಳೆದವರದೇ ಸಂಘ, ನಗರದ ಬೀದಿಯಲ್ಲಿ ಅದರದೇ ಮಳಿಗೆ, ದಿನದ ದರ ಹಲಗೆಯ ಮೇಲೆ. ಒಡೆಯನ ಮರ್ಜಿಯೂ ಅಲ್ಲದ, ಹರಾಜಿನ ಜೂಜೂ ಅಲ್ಲದ ಮೂರನೆಯ ದಾರಿಯೊಂದು ಅಲ್ಲಿ ಇತ್ತು. ಇಂದಿರಾನಗರದಲ್ಲಿ ಇಂದು ರಾಗಿಯ ದೋಸೆಗೆ, ಸಿರಿಧಾನ್ಯದ ಬಿಸ್ಕತ್ತಿಗೆ ಗಿರಾಕಿಗಳಿದ್ದಾರೆ. 2023 ಅನ್ನು ವಿಶ್ವಸಂಸ್ಥೆಯೇ ಸಿರಿಧಾನ್ಯ ವರ್ಷ ಎಂದು ಸಾರಿತು. ಆದರೆ ತಟ್ಟೆಯಲ್ಲಿ ಯಾವ ಕಾಳಿದೆ ಎಂಬುದರಿಂದ ಆಹಾರದ ಭೂಗೋಳ ಬದಲಾಗುವುದಿಲ್ಲ.

ಗ್ರಾಮೀಣ ಅಭಿವೃದ್ಧಿಯ ಸಂಶೋಧನೆಗೆ ಎಪ್‌ಸ್ಟೈನ್ ಬಿಟ್ಟುಹೋದ ಕೆಲಸ ಇಲ್ಲಿದೆ. ಅವರು ಊರನ್ನು ಘಟಕವಾಗಿ ಇಟ್ಟುಕೊಂಡರು. ಪೇಟೆ ಅವರ ಪುಸ್ತಕದಲ್ಲಿ ಅವಕಾಶವಾಗಿ ಬರುತ್ತದೆ, ಬಾಕಿದಾರನಾಗಿ ಬರುವುದಿಲ್ಲ. ಈಗಿನ ಸೂಚ್ಯಂಕಗಳು ಊರು ಎಷ್ಟು ನಗರವಾಯಿತು ಎಂದು ಅಳೆಯುತ್ತವೆ, ನಗರ ಆ ಊರಿಗೆ ಎಷ್ಟು ಬಾಕಿ ಎಂದು ಅಳೆಯುವುದಿಲ್ಲ. ಶಿವಾಜಿನಗರದ ತರಕಾರಿ ಬುಟ್ಟಿಯಿಂದ ಹಿಂದಕ್ಕೆ ಹೊರಟು, ಮಂಡಿ, ಲಾರಿ, ಬೋರ್‌ವೆಲ್, ಕೆರೆ, ಪಂಪು, ಚರಂಡಿ, ನಲ್ಲಿ ಎಂದು ಒಂದು ಸುತ್ತು ಬಂದು, ಪ್ರತಿ ತಿರುವಿನಲ್ಲೂ ‘ಕೆಟ್ಟ ವರ್ಷ ಬಂದರೆ ಇಲ್ಲಿ ನಷ್ಟ ಯಾರ ತಲೆಗೆ?’ ಎಂದು ಬರೆದುಕೊಳ್ಳುವ ಅಧ್ಯಯನ ನಮಗೆ ಬೇಕು. ಆ ಪಟದಲ್ಲಿ ಬೆಳೆಯ ಹೆಸರುಗಳು ಕಡಿಮೆ ಇರುತ್ತವೆ. ಬಾಕಿ ಉಳಿಸಿಕೊಂಡವರ ವಿಳಾಸಗಳು ಇರುತ್ತವೆ, ಅವುಗಳಲ್ಲಿ ಬಹಳಷ್ಟು ನಮ್ಮವೇ ಆಗಿರುತ್ತವೆ.